ಓನರಮ್ಮನ ಕಾರಿನೊಳಗಿನ ಅತ್ತೆ

ಹೋದ ವಾರ ನಮ್ಮನೆಯವರು ಹೊಸ ಕಾರು ತಂದರು. ಪೂಜೆ ಮಾಡಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಹೆಬ್ಬಾಳದ ಫ್ಲೈಓವರ್ ಇಳಿದು ಏರ್‌ಪೋರ್ಟ್ ರಸ್ತೆಗೆ ಬಂದೆವೋ ಇಲ್ಲವೋ, ಇವರು ಯಾವುದೋ ಜಾಹೀರಾತಿನ ಹಲಗೆ ನೋಡುತ್ತ ಬಲಕ್ಕೆ ವಾಲಿದರು. ಕಾರು ಟಿಂಗ್ ಟಿಂಗ್ ಅಂದಿತು. ಸ್ಟೇರಿಂಗು ತಾನಾಗಿಯೇ ಒಂಚೂರು ಎಡಕ್ಕೆ ತಿರುಗಿತು. ಇವರು ಬೆಚ್ಚಿಬಿದ್ದರು. ನಾನು ಮಾತ್ರ "ಅತ್ತಿ ಎದ್ರು!" ಎಂದು ಕೂಗಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಪೂಜೆಗೆಂದು ಊರಿಂದ ಬಂದಿದ್ದ ನಮ್ಮತ್ತೆ ಹಿಂದಿನ ಸೀಟಿನಲ್ಲೇ ಕೂತಿದ್ದರು. "ನಾ ಎಲ್ಲೆ ಮಲಗೇನವಾ, ಏಳಾಕ?" ಅಂದರು. ಆ ಕ್ಷಣವೇ ತೀರ್ಮಾನ ಮಾಡಿದೆ, ಓನರಮ್ಮನ ಬಗ್ಗೆ ಬರೆದೇ ತೀರಬೇಕು ಅಂತ. ಇಲ್ಲದಿದ್ದರೆ ನಮ್ಮತ್ತೆ ಬಾಗಲಕೋಟೆಗೆ ಹೋಗಿ ಈ ಕತೆಯನ್ನು ಬೇರೆ ಥರವೇ ಹೇಳುತ್ತಾರೆ.

ಯಲಹಂಕದ ಹಳೇ ಊರಿನಲ್ಲಿ ನಾವು ಬಹಳ ವರ್ಷ ಬಾಡಿಗೆಗಿದ್ದ ಮನೆಯ ಒಡತಿ ಅವರು. ಅವರಿಗೂ ಒಂದು ಹೆಸರಿತ್ತು, ಆದರೆ ಆ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ಬಾಡಿಗೆಯವರಿಗೆ, ಹಾಲಿನವನಿಗೆ, ಗ್ಯಾಸಿನವನಿಗೆ, ಇಡೀ ಬೀದಿಗೆ ಅವರು ಓನರಮ್ಮ. ನಾನು ಬಾಗಲೂರಿನ ಹತ್ತಿರದ ಹೈಸ್ಕೂಲಿನಲ್ಲಿ ಗಣಿತ ಹೇಳುವವಳಾದ್ದರಿಂದ ಅವರಿಗೆ ಟೀಚರಮ್ಮ. ಕಾಟನ್ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಕೀಗೊಂಚಲು, ತಾರಸಿಯ ಮೇಲೆ ನಿಂತು "ಮೋಟ್ರು ಆಫ್ ಮಾಡ್ರೋ" ಎಂದರೆ ಪಕ್ಕದ ಬೀದಿಯವರೂ ತಮ್ಮ ಮೋಟರು ಆರಿಸುವಂಥ ಗಂಟಲು.

ಅವರ ಮನೆತನದ ಹೊಲಗಳೆಲ್ಲ ಲೇಔಟುಗಳಾಗಿ, ಅಪಾರ್ಟ್‌ಮೆಂಟುಗಳಾಗಿ ಎದ್ದು ನಿಂತಿದ್ದವು. ಅವುಗಳಲ್ಲಿ ಕೆಲವನ್ನು ಕಟ್ಟಿದವನು ಅವರ ಮಗನೇ. ಬಾಗಲೂರಿನ ಆಚೆ ಒಂದು ತುಂಡು ನೆಲವನ್ನು ಮಾತ್ರ ಓನರಮ್ಮ ಯಾರಿಗೂ ಬಿಟ್ಟುಕೊಟ್ಟಿರಲಿಲ್ಲ. "ಇದೂ ಕಟ್ಬುಟ್ರೆ ಕಾಲಿಡಾಕೆ ಮಣ್ಣೆಲ್ಲೈತೆ ಟೀಚರಮ್ಮ?" ಅನ್ನುತ್ತಿದ್ದರು. ಅಲ್ಲಿ ದಂಟು, ಮೆಂತ್ಯ, ಸಬ್ಬಸಿಗೆ ಬೆಳೆಯುತ್ತಿದ್ದರು. ದಿನಾ ಬೆಳಿಗ್ಗೆ ತಾವೇ ಕಾರು ಓಡಿಸಿಕೊಂಡು ಹೋಗಿ, ಆ ಮಣ್ಣಿನಲ್ಲಿ ಬರಿಗಾಲಲ್ಲಿ ಒಂದಷ್ಟು ಹೊತ್ತು ಓಡಾಡಿ, ಸೊಪ್ಪು ಕಿತ್ತು ತಂದು, ಬಾಡಿಗೆಯವರ ಬಾಗಿಲ ಚಿಲಕಕ್ಕೆ ಒಂದೊಂದು ಕಟ್ಟು ಸಿಕ್ಕಿಸಿ ಹೋಗುತ್ತಿದ್ದರು. ತೋಟಕ್ಕೆ ಹೋಗದ ದಿನ ಅವರಿಗೆ ಅನ್ನ ಸೇರುತ್ತಿರಲಿಲ್ಲ, ನಮಗೆ ನೆಮ್ಮದಿ ಇರುತ್ತಿರಲಿಲ್ಲ. ಎಲ್ಲರ ಮೇಲೂ ರೇಗುತ್ತಿದ್ದರು.

ನನ್ನ ಶಾಲೆ ಆ ದಾರಿಯಲ್ಲೇ ಇದ್ದದ್ದರಿಂದ ನಾನೂ ಅವರ ಕಾರು ಹತ್ತುತ್ತಿದ್ದೆ. ಹತ್ತುವ ಮೊದಲು ನನಗೊಂದು ಕೆಲಸ ಇತ್ತು. ಓನರಮ್ಮನಿಗೆ ಕಾರೆಂದರೆ ಲಕ್ಷ್ಮಿ. ಬಾಗಿಲ ಹೊರಗೆ ಚಪ್ಪಲಿ ಬಿಟ್ಟು, ಸ್ಟೇರಿಂಗು ಮುಟ್ಟಿ ಕಣ್ಣಿಗೊತ್ತಿಕೊಂಡು ಕೂರುವರು. ಬಿಟ್ಟ ಚಪ್ಪಲಿಯನ್ನು ಎತ್ತಿ ಒಳಗಿಟ್ಟುಕೊಳ್ಳುವುದು ಎಷ್ಟೋ ದಿನ ಮರೆತೇ ಹೋಗುತ್ತಿತ್ತು. ಕಾರು ಬಾಗಲೂರಿನಲ್ಲಿ, ಚಪ್ಪಲಿ ಯಲಹಂಕದ ಬೀದಿಯಲ್ಲಿ. ಆ ಚಪ್ಪಲಿ ಎತ್ತಿಡುವ ಕೆಲಸ ನನಗೆ ಬಂದಿತ್ತು.

ಇನ್ನು ಅವರ ಡ್ರೈವಿಂಗು. ಕೈ ಗಟ್ಟಿ, ಕಣ್ಣು ಚುರುಕು, ಬ್ರೇಕು ಹದ. ಒಂದೇ ಒಂದು ತೊಂದರೆ: ರಸ್ತೆಯ ಬಿಳಿ ಗೆರೆ ಸರಿಯಾಗಿ ಕಾರಿನ ಹೊಟ್ಟೆಯ ಕೆಳಗೇ ಬರಬೇಕು. ಮೊದಲ ದಿನ ಏರ್‌ಪೋರ್ಟ್ ರಸ್ತೆಯಲ್ಲಿ ಅರ್ಧ ಕಾರು ಈ ಕಡೆ, ಅರ್ಧ ಕಾರು ಆ ಕಡೆ, ಎರಡೂ ಪಕ್ಕದಿಂದ ಹಾರನ್ನು. ನನ್ನ ಜೀವ ಬಾಯಿಗೆ ಬಂದಿತ್ತು.

"ಅಮ್ಮಾರ, ಗೆರಿ ಮ್ಯಾಲೆ ಹೊಂಟೀರಲ್ರಿ!"

"ಊಂ ಮತ್ತೆ? ಗೆರೆ ಹಾಕಿರೋದ್ಯಾಕೆ? ಅದ್ರ ಮೇಲೆ ಓಗ್ಲಿ ಅಂತ ತಾನೇ?"

"ಹಂಗಲ್ರೀ, ಎರಡು ಗೆರಿ ನಡುವ ಹೋಗಬೇಕು."

"ನಡುವೆ ಓದ್ರೆ ನೆಟ್ಟಗೆ ಓಗ್ತಿದೀವಾ ಸೊಟ್ಟ ಓಗ್ತಿದೀವಾ ಅಂತ ಎಂಗ್ ಗೊತ್ತಾಗ್ತದೆ ಟೀಚರಮ್ಮ?"

ಆಮೇಲೆ ಗೊತ್ತಾಯಿತು, ಇದು ಟ್ರ್ಯಾಕ್ಟರು ಕಲಿಸಿದ ಪಾಠ. ಯಜಮಾನರು ಕಾಲು ಮುರಿದುಕೊಂಡು ಮಲಗಿದ್ದ ವರ್ಷ ಓನರಮ್ಮನೇ ಟ್ರ್ಯಾಕ್ಟರು ಹತ್ತಿ ಉತ್ತಿದ್ದರು. ಉಳುವಾಗ ಆಗಲೇ ಉತ್ತ ಸಾಲಿನೊಳಗೆ ಒಂದು ಚಕ್ರ ಇಳಿಸಿಕೊಂಡು ಓಡಿಸಬೇಕು, ಆಗಲೇ ಮುಂದಿನ ಸಾಲು ನೆಟ್ಟಗೆ ಬರುವುದು. ಸಾಲು ಬಿಟ್ಟರೆ ಹೊಲವೆಲ್ಲ ಸೊಟ್ಟ. ಡಾಂಬರು ರಸ್ತೆಯ ಮೇಲೆ ಬಿಳಿ ಗೆರೆ ಕಂಡಾಗ, ಸರ್ಕಾರ ತಮ್ಮಂಥವರಿಗೆಂದೇ ಸಾಲು ಹಾಕಿಕೊಟ್ಟಿದೆ ಎಂದು ಅವರು ತಿಳಿದಿದ್ದರು.

ಹೀಗಿರುವಾಗ ಒಂದು ದಿನ ಬಾಗಲೂರು ಕ್ರಾಸಿನ ಹತ್ತಿರ ಲಾರಿಯೊಂದು ಅವರ ಕಾರಿನ ಪಕ್ಕದ ಕನ್ನಡಿಯನ್ನು ಕಿತ್ತುಕೊಂಡು ಹೋಯಿತು. ಮಗ ಬಂದು ಕೈ ಚಾಚಿದ. "ಅಮ್ಮ, ಕೀ ಕೊಡು. ನಾಳೆಯಿಂದ ಡ್ರೈವರ್ ಇಡ್ತೀನಿ."

"ಡ್ರೈವರ್ ಬಂದ್ರೆ ಎಂಗೋ? ನಾನು ಕಳೆ ಕೀಳ್ತಾ ಕುಂತಿರ್ತೀನಿ, ಅವ್ನು ಲೇಟಾಯ್ತು ಅಂತ ಆರನ್ ಒಡೀತಾನೆ. ಅವ್ನ್ ಟೈಮಿಗೆ ನಾನು ಮಣ್ಣು ಮುಟ್ಬೇಕಾ?"

ತಾಯಿ ಮಗನ ನಡುವೆ ವಾರಗಟ್ಟಲೆ ಮಾತಿಲ್ಲ. ಮಗ ಕೆಟ್ಟವನಲ್ಲ. ಒಂದು ದಿನ ಮೆಟ್ಟಿಲ ಮೇಲೆ ಸಿಕ್ಕು, "ಟೀಚರ್, ಅಮ್ಮ ಇಂಡಿಕೇಟರ್ ಹಾಕಲ್ಲ, ಕೈ ಹೊರಗೆ ಹಾಕ್ತಾರೆ. ಆ ಕನ್ನಡಿ ಇದ್ದ ಜಾಗದಲ್ಲಿ ಅವರ ಕೈ ಇದ್ದಿದ್ರೆ?" ಎಂದ.

ಕೊನೆಗೆ ಒಂದು ರಾಜಿ. ಹೊಸ ಕಾರು ತರುವುದು. ಗೆರೆ ಬಿಟ್ಟು ಹೋಗದ ಹಾಗೆ ತಾನೇ ನೋಡಿಕೊಳ್ಳುವಂಥ ಕಾರು. ಅಮ್ಮ ಅದರಲ್ಲಿ ಕಲಿಯುವುದು. ಆಮೇಲೆ ಒಂದು ಭಾನುವಾರ ಮಗನ ಎದುರು ಓಡಿಸಿ ತೋರಿಸುವುದು. ಪಾಸಾದರೆ ಕೀ ಅಮ್ಮನದು, ಫೇಲಾದರೆ ಮಗನದು.

ಶೋರೂಮಿಗೆ ನನ್ನನ್ನೂ ಎಳೆದುಕೊಂಡು ಹೋದರು. ಸೇಲ್ಸ್‌ನವನು ಬಹಳ ತಾಳ್ಮೆಯಿಂದ ವಿವರಿಸಿದ. "ಆಂಟಿ, ಇಲ್ಲಿ ಒಳಗಿನ ಕನ್ನಡಿ ಹಿಂದೆ ಕ್ಯಾಮೆರಾ ಇದೆ. ಎರಡೂ ಕಡೆ ಗೆರೆ ನೋಡ್ತಾ ಇರುತ್ತೆ. ನೀವು ಇಂಡಿಕೇಟರ್ ಹಾಕ್ದೆ ಗೆರೆ ದಾಟೋಕೆ ಹೋದ್ರೆ, ಪಾಪ ಇವರಿಗೆ ನಿದ್ದೆ ಬಂತೇನೋ ಅಂದ್ಕೊಂಡು ಸೌಂಡ್ ಮಾಡುತ್ತೆ. ಆಮೇಲೆ ಸ್ಟೇರಿಂಗನ್ನ ಮೆತ್ತಗೆ ಒಳಗೆ ಎಳೆಯುತ್ತೆ."

"ಎಳುದ್ರೆ ನಾನು ಸುಮ್ಕೆ ಬಿಟ್ಬುಡ್ಬೇಕಾ?"

"ಇಲ್ಲ ಆಂಟಿ, ನಿಮ್ಮ ಕೈ ಬಲಾನೇ ಜಾಸ್ತಿ. ನೀವು ಗಟ್ಟಿಯಾಗಿ ತಿರುಗಿಸಿದ್ರೆ ನೀವು ಹೇಳಿದ ಕಡೆಗೇ ಹೋಗುತ್ತೆ. ಅದು ನೆನಪಿಸುತ್ತೆ ಅಷ್ಟೆ. ಕೈ ಬಿಟ್ಟು ಕೂತ್ರೆ ಅದಕ್ಕೂ ಗಲಾಟೆ ಮಾಡುತ್ತೆ. ಇಂಡಿಕೇಟರ್ ಹಾಕಿ ದಾಟಿದ್ರೆ ಮಾತ್ರ ಏನೂ ಅನ್ನಲ್ಲ."

ಓನರಮ್ಮನ ಮುಖ ಅರಳಿತು. "ಅಯ್ಯೋ, ನಮ್ಮತ್ತೇನೂ ಇಂಗೇ ಇದ್ರು ಕಣಪ್ಪ! ಬಾಯ್ಬುಟ್ಟು ಒಂದಿನಾನೂ ಬೈದೋರಲ್ಲ. ತಪ್ಪು ಮಾಡಾಕೋದ್ರೆ ಮೊದ್ಲು ಕೆಮ್ಮೋರು, ಆಮೇಲೆ ಮೊಣಕೈ ಇಡ್ಕೊಂಡು ಮೆತ್ತಗೆ ಎಳೆಯೋರು. ಏಳ್ಬುಟ್ಟು ವಂಟ್ರೆ ಎಲ್ಲಿಗೋದ್ರೂ ಏನೂ ಅಂತಿರ್ಲಿಲ್ಲ."

ಅಂದಿನಿಂದ ಆ ಯಂತ್ರಕ್ಕೆ ಅತ್ತೆ ಎಂದೇ ಹೆಸರು. ಕಂಪನಿಯವರು ಇಟ್ಟ ಇಂಗ್ಲಿಷ್ ಹೆಸರು ನನಗೆ ಇವತ್ತಿಗೂ ನೆನಪಾಗುವುದಿಲ್ಲ.

ಹೆಸರಿಟ್ಟ ಮಾತ್ರಕ್ಕೆ ಹೊಂದಾಣಿಕೆ ಆಗಬೇಕಲ್ಲ! ಓನರಮ್ಮ ಗೆರೆಯ ಮೇಲೆ ಹತ್ತುವುದು, ಅತ್ತೆ ಟಿಂಗ್ ಅನ್ನುವುದು, ಇವರು ಬಲಕ್ಕೆ, ಅವರು ಎಡಕ್ಕೆ. "ಬಿಡಿ ಅತ್ತೆ, ಕೈ ಬಿಡಿ, ನಂಗೊತ್ತು!" ಎಂದು ಇವರು ಕೂಗುವುದು. ಬಾಗಲೂರು ರಸ್ತೆಗೆ ತಿರುಗಿದರೆ ಎಷ್ಟೋ ದೂರ ಗೆರೆಯೇ ಇಲ್ಲ. ಅಲ್ಲಿ ಕ್ಯಾಮೆರಾಗೆ ಕಾಣುವುದಕ್ಕೇನೂ ಇಲ್ಲದೆ ಅತ್ತೆ ಗಪ್‌ಚುಪ್. "ತೌರಿಗೋದ್ರು" ಎಂದು ಓನರಮ್ಮ ನಿಟ್ಟುಸಿರುಬಿಟ್ಟು ಕಾರನ್ನು ನಡುರಸ್ತೆಗೆ ತರುತ್ತಿದ್ದರು.

ಅಷ್ಟರಲ್ಲಿ ಅವರೊಂದು ಉಪಾಯ ಕಂಡುಕೊಂಡರು. ಇಂಡಿಕೇಟರ್ ಹಾಕಿದರೆ ಅತ್ತೆ ಸುಮ್ಮನಿರುತ್ತಾರಲ್ಲ? ಸರಿ, ಮನೆಯ ಗೇಟಿನಿಂದಲೇ ಬಲಗಡೆಯ ಇಂಡಿಕೇಟರ್ ಹಾಕಿ, ಅದು ಆರಿದಾಗಲೆಲ್ಲ ಮತ್ತೆ ಹಾಕಿ, ಮಿಣಮಿಣ ಅನ್ನಿಸಿಕೊಂಡೇ ಗೆರೆಯ ಮೇಲೆ ಸವಾರಿ. ಹಿಂದೆ ಬರುತ್ತಿದ್ದ ಬೈಕಿನವನೊಬ್ಬ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ಕಿಟಕಿ ತಟ್ಟಿದ.

"ಆಂಟಿ, ಯಲಹಂಕದಿಂದ ಇಂಡಿಕೇಟರ್ ಹಾಕಿದೀರ. ತಿರುಗೋದು ಯಾವಾಗ?"

"ನಾನ್ಯಾಕೆ ತಿರುಗ್ಲಿ? ಅತ್ತೆಗೆ ಏಳ್ತಾ ಇವ್ನಿ!"

ಅವನು ಖಾಲಿಯಿದ್ದ ಹಿಂದಿನ ಸೀಟು ನೋಡಿದ, ಆಮೇಲೆ ನನ್ನನ್ನು ನೋಡಿದ. ಅವನ ಕಣ್ಣಲ್ಲಿದ್ದ ಮರುಕ ಕಂಡು ನನಗೆ ರೇಗಿಹೋಯಿತು. "ಅಮ್ಮಾರ, ದಿನಾ ಹೊಕ್ಕೀನಿ ಹೊಕ್ಕೀನಿ ಅಂತ ಹೇಳಿ ಎಲ್ಲೂ ಹೋಗದ ಕುಂತ್ರ, ನಿಮ್ಮತ್ತಿ ನಂಬತಿದ್ರೇನ್ರಿ?"

"ಇಲ್ಲ. ನಂಬ್ತಿರ್ಲಿಲ್ಲ" ಎಂದು ಓನರಮ್ಮ ಇಂಡಿಕೇಟರ್ ಆರಿಸಿದರು.

ಆದರೂ ಗೆರೆಯ ಮೋಹ ಬಿಡಲಿಲ್ಲ. ಭಾನುವಾರ ಹತ್ತಿರ ಬರುತ್ತಿತ್ತು. ಒಂದು ದಿನ ಅವರ ತೋಟದ ಬದುವಿನ ಮೇಲೆ ನಿಂತಿದ್ದಾಗ ನನಗೆ ತಟ್ಟನೆ ಹೊಳೆಯಿತು. "ಅಮ್ಮಾರ, ನೀವು ಗೆರಿ ಅಂದ್ರ ಸಾಲು ಅಂದ್ಕೊಂಡೀರಿ. ಸಾಲಲ್ಲರೀ ಅದು, ಬದು! ಈ ಕಡೆ ಒಂದು ಬದು, ಆ ಕಡೆ ಒಂದು ಬದು, ನಡುವ ನಿಮ್ಮ ಹೊಲ. ಪಕ್ಕದ ಹೊಲಕ್ಕ ಹೋಗೂದಿದ್ರ ಹೇಳಿ ಹೋಗಬೇಕು."

ಅವರು ಕುಡುಗೋಲು ಹಿಡಿದ ಕೈಯನ್ನು ಸೊಂಟದ ಮೇಲಿಟ್ಟು ನನ್ನನ್ನೇ ದುರುಗುಟ್ಟಿ ನೋಡಿದರು. "ಬದು ಮೇಲೆ ಯಾವಳಾದ್ರೂ ಟ್ರ್ಯಾಕ್ಟ್ರು ಓಡುಸ್ತಾಳಾ? ಇದನ್ನ ಮೊದ್ಲೇ ಬೊಗುಳ್ಬಾರ್ದಾ ಟೀಚರಮ್ಮ?"

ಮರುದಿನದಿಂದ ಕಾರು ಎರಡು ಗೆರೆಗಳ ನಡುವೆ ದಾರ ಎಳೆದು ಕಟ್ಟಿದ ಹಾಗೆ ಹೋಗತೊಡಗಿತು. ಅತ್ತೆಗೆ ಕೆಲಸವೇ ಇಲ್ಲ. ನಾನು ಶಾಲೆಯಲ್ಲಿ ಎಲ್ಲರಿಗೂ ನನ್ನ ಪಾಠದ ಮಹಿಮೆ ಹೇಳಿಕೊಂಡು ಓಡಾಡಿದೆ. ಸ್ವಲ್ಪ ಬೇಗ ಹೇಳಿಕೊಂಡೆ ಅಂತ ಕಾಣುತ್ತದೆ. ಅದೇ ವಾರ ದಾರಿಯಲ್ಲಿನ ಕಲ್ಯಾಣ ಮಂಟಪದಲ್ಲಿ ಯಾರದೋ ದೊಡ್ಡ ಮದುವೆ. ರಸ್ತೆಯಿಂದ ಮಂಟಪದ ಬಾಗಿಲವರೆಗೆ ಎರಡೂ ಪಕ್ಕ ಬ್ಲೀಚಿಂಗ್ ಪೌಡರಿನ ಬಿಳಿ ಗೆರೆ ಎಳೆದಿದ್ದರು. ನಾನು ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. ತಲೆ ಎತ್ತಿದರೆ ಹೂವಿನ ಕಮಾನು, ವಾಲಗ, ಕಿಟಕಿಯಿಂದ ಯಾರೋ ಮುಖಕ್ಕೆ ಪನ್ನೀರು ಚಿಮುಕಿಸುತ್ತಿದ್ದಾರೆ!

"ಅಮ್ಮಾರ, ಎಲ್ಲಿಗೆ ಬಂದ್ವಿ?"

"ನೀವೇ ಏಳಿದ್ದಲ್ವಾ, ಎರಡು ಬದು ನಡುವೆ ಓಗಿ ಅಂತ? ಅತ್ತೇನೂ ಸುಮ್ಕವ್ರೆ. ಅಂದ್ರೆ ಸರಿಯಾಗೇ ಬಂದಿದೀವಿ."

ಕಾರು ನಿಧಾನಕ್ಕೆ ಹೋಗುವಾಗ ಅತ್ತೆ ಮಲಗಿರುತ್ತಾರೆ, ಸುಮ್ಮನಿದ್ದಾರೆಂದರೆ ಒಪ್ಪಿದ್ದಾರೆಂದಲ್ಲ, ಎಂದು ನಾನು ತಿಳಿಹೇಳುವಷ್ಟರಲ್ಲಿ ಅವರು ಬರಿಗಾಲಲ್ಲೇ ಇಳಿದಾಗಿತ್ತು. ಬಾಗಿಲಿಗೆ ಬಂದ ಮೇಲೆ ತಿರುಗಿ ಹೋಗುವುದು ಒಳ್ಳೆಯದಲ್ಲವಂತೆ. ಗಂಡು ಹೆಣ್ಣಿಗೆ ಅಕ್ಷತೆ ಹಾಕಿ, ಇಬ್ಬರೂ ಉಪ್ಪಿಟ್ಟು ಕೇಸರಿಬಾತು ತಿಂದು ಹೊರಟೆವು. ತಡವಾಗಿ ಹೋದದ್ದಕ್ಕೆ ಹೆಡ್‌ಮಿಸ್ಸು ಕಾರಣ ಕೇಳಿದರು. ಮದುವೆಗೆ ಹೋಗಿದ್ದೆ ಅಂದೆ. ಯಾರ ಮದುವೆ ಅಂದರು. ಗೊತ್ತಿಲ್ಲ ಅಂದೆ.

ಪರೀಕ್ಷೆಯ ಭಾನುವಾರ ಬಂದೇ ಬಂತು. ನಾಗಸಂದ್ರದಲ್ಲಿರುವ ಮಗಳ ಮನೆಗೆ ಊಟಕ್ಕೆ ಹೋಗುವುದೇ ಪರೀಕ್ಷೆ. ಮುಂದಿನ ಸೀಟಿನಲ್ಲಿ ನಾನು, ಹಿಂದೆ ಎರಡು ಫೋನು ಹಿಡಿದ ಮಗ. "ಅಮ್ಮ, ಒಂದೇ ಒಂದ್ ಸಲ ಟಿಂಗ್ ಅಂದ್ರೂ ಕೀ ನಂದು. ಆಮೇಲೆ ಅಳ್ಬಾರ್ದು."

"ಆಯ್ತು. ಮಾತು ಕೊಟ್ಟಿವ್ನಿ."

ಆ ದಿನ ಓನರಮ್ಮ ಓಡಿಸಿದ್ದನ್ನು ನೀವು ನೋಡಬೇಕಿತ್ತು. ಹೆಬ್ಬಾಳದಲ್ಲಿ ಬಸ್ಸೊಂದು ಮೂತಿ ತೂರಿಸಿದಾಗ ಬೈಯದೆ ನಿಂತರು. ರಿಂಗ್ ರೋಡಿನಲ್ಲಿ ಗೆರೆ ದಾಟುವಾಗಲೆಲ್ಲ ಇಂಡಿಕೇಟರ್ ಹಾಕಿ, ಬಾಯಲ್ಲೂ "ಓಗ್ತೀನಿ ಅತ್ತೆ" ಎಂದು ಹೇಳಿಯೇ ಹೋದರು. ಗೊರಗುಂಟೆಪಾಳ್ಯದ ಆ ಗಿಜಿಗಿಜಿ ದಾಟಿ ತುಮಕೂರು ರಸ್ತೆ ಹಿಡಿದಾಗ ನಾನು ಮನಸ್ಸಿನಲ್ಲೇ ಎಲ್ಲ ದೇವರಿಗೂ ಕೈಮುಗಿದೆ. ಮೆಟ್ರೋ ಕಂಬಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು. ಮಗ ಕೂಡ ಫೋನು ಕೆಳಗಿಟ್ಟು ಅಮ್ಮನ ಕೈಯನ್ನೇ ನೋಡುತ್ತಿದ್ದ. ನಾಗಸಂದ್ರ ಇನ್ನೇನು ಬಂದೇ ಬಿಟ್ಟಿತ್ತು.

ಆಗ ರಸ್ತೆಯ ಎಡಕ್ಕೆ ರಾಶಿ ಹಾಕಿದ್ದ ಅವರೆಕಾಯಿ ಕಂಡಿತು. ಸೊಗಡಿನ ಹಸಿರು ರಾಶಿ.

"ಅಯ್ಯಯ್ಯೋ, ಮಗಳ ಮನೆಗೆ ಬರಿಗೈಲಿ ವಂಟ್ಬುಟ್ಟಿವ್ನಲ್ಲೋ!" ಎಂದವರೇ ಎಡಕ್ಕೆ ತಿರುಗಿಸಿದರು.

ಟಿಂಗ್ ಟಿಂಗ್.

ಸ್ಟೇರಿಂಗು ಅವರ ಕೈಯನ್ನು ಮೆತ್ತಗೆ ಬಲಕ್ಕೆ ಎಳೆಯಿತು. ಓನರಮ್ಮ ಕಾರನ್ನು ಅಂಚಿಗೆ ತಂದು ನಿಲ್ಲಿಸಿದರು. ನನಗೆ ಅಳುವೇ ಬಂತು. ಪರೀಕ್ಷೆಯ ಗಾಬರಿಯಲ್ಲಿ ಮಗಳಿಗೆ ಒಂದು ಕಟ್ಟು ಸೊಪ್ಪು ತರುವುದನ್ನೂ ಮರೆತಿದ್ದರು ಪಾಪ, ಅದು ಕೊನೆಯ ಗಳಿಗೆಯಲ್ಲಿ ನೆನಪಾಗಬೇಕೇ? ಅವರು ಇಳಿದರು, ಕಾಯಿ ಹಿಸುಕಿ ನೋಡಿ, ಚೌಕಾಸಿ ಮಾಡದೆ ಚೀಲ ತುಂಬಿಸಿಕೊಂಡರು. ಚೌಕಾಸಿ ಮಾಡದೆ ಅವರು ಏನನ್ನಾದರೂ ಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆಮೇಲೆ ಸೊಂಟದ ಗೊಂಚಲಿನಿಂದ ಕಾರಿನ ಕೀ ಬಿಡಿಸಿ ಮಗನ ಕೈಗಿಟ್ಟರು.

"ಅಮ್ಮ, ಇದು…" ಎಂದು ಅವನು ತಡವರಿಸಿದ.

"ಏಳ್ದೆ ವಂಟೆ. ತಪ್ಪು ನಂದೇ. ಇಡ್ಕೋ."

ಮಗಳ ಮನೆಯಲ್ಲಿ ಹಿತಕಿದ ಬೇಳೆ ಸಾರು, ಮುದ್ದೆ. ಓನರಮ್ಮ ಎರಡನೇ ಸಲ ಬಡಿಸಿಕೊಳ್ಳಲಿಲ್ಲ. ಹೊರಡುವಾಗ ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಬಂದು ಕೂತರು. ಖಾಲಿ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಕಾಲಲ್ಲಿ ಇಲ್ಲದ ಬ್ರೇಕನ್ನು ಒತ್ತುತ್ತಿದ್ದರು. ಅವರನ್ನು ಹಾಗೆ ನೋಡುವುದು ನನ್ನಿಂದಾಗಲಿಲ್ಲ, ಕಿಟಕಿಯ ಕಡೆ ತಿರುಗಿದೆ.

ಮಗ ಕಾರು ಹೊರಡಿಸಿ, ತುಮಕೂರು ರಸ್ತೆಗೆ ಬಂದು, ಮುಂದಿದ್ದ ಆಟೋವನ್ನು ಹಿಂದೆ ಹಾಕಲು ಸರಕ್ಕನೆ ಬಲಕ್ಕೆ ತಿರುಗಿಸಿದ.

ಟಿಂಗ್ ಟಿಂಗ್.

"ಏನಿದು" ಎಂದು ಗೊಣಗಿದ. ಅಷ್ಟರಲ್ಲಿ ಫೋನು ಬಂತು, ಸೈಟಿನ ಮೇಸ್ತ್ರಿ. "ಲೇ, ಸಿಮೆಂಟ್ ಬಂತೇನೋ?" ಟಿಂಗ್ ಟಿಂಗ್. "ರಸ್ತೇಲಿ ಯಾಕೋ ಇಳಿಸಿದ್ರಿ?" ಟಿಂಗ್ ಟಿಂಗ್. ಇನ್ನೊಂದು ಫೋನು ಬಂತು. ಅದಕ್ಕೂ ಟಿಂಗ್. ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಓನರಮ್ಮ ಮೊದಲು ಹೊರಗೆ ನೋಡುತ್ತಿದ್ದರು. ಆಮೇಲೆ ತುಟಿಯ ಒಂದು ಕೊನೆ ಅದುರಿತು.

"ಈ ಕಾರಿನ ಸೆಟ್ಟಿಂಗೇ ಸರಿ ಇಲ್ಲ ಕಣಮ್ಮ."

"ಸೆಟ್ಟಿಂಗಲ್ಲ ಕಣಪ್ಪ. ನಿಮ್ಮಜ್ಜಿ."

"ಯಾವ್ ಅಜ್ಜಿ?"

"ನಮ್ಮತ್ತೆ ನಿಂಗೆ ಅಜ್ಜಿ ತಾನೇ? ನಂಗೆ ಒಂದೇ ಕಿತ ಕೆಮ್ಮಿದ್ರು. ನೀನು ಕುಂತಾಗಿಂದ ಕೆಮ್ತಾನೇ ಅವ್ರೆ, ಪಾಪ ಮುದುಕಿಗೆ ಗಂಟ್ಲು ನೋಯಾಕಿಲ್ವಾ?"

"ಇದನ್ನ ಆಫ್ ಮಾಡಬೋದು, ತಾಳು" ಎಂದು ಅವನು ಬಟನ್ ಹುಡುಕಿದ.

"ಮಾಡು. ಅವ್ರಿದ್ದಾಗ್ಲೂ ನೀನು ಕಿವಿ ಮುಚ್ಕೊಂಡೇ ಓಡಾಡ್ತಿದ್ದೆ."

ಅವನ ಬೆರಳು ಬಟನ್ನಿನ ಹತ್ತಿರ ಹೋಗಿ ಹಿಂದೆ ಬಂತು. ಸ್ವಲ್ಪ ಹೊತ್ತಿಗೆ ಎರಡೂ ಫೋನುಗಳು ಜೇಬು ಸೇರಿದವು. ಗೊರಗುಂಟೆಪಾಳ್ಯ ದಾಟಿದ ಮೇಲೆ ಇಂಡಿಕೇಟರಿನ ಟಿಕ್ ಟಿಕ್ ಕೇಳಿಸತೊಡಗಿತು. ಹೆಬ್ಬಾಳದಿಂದ ಯಲಹಂಕದವರೆಗೆ ಅತ್ತೆ ಒಂದು ಸಲವೂ ಏಳಲಿಲ್ಲ.

ಮನೆಯ ಮುಂದೆ ಕಾರು ನಿಲ್ಲಿಸಿ ಮಗ ಇಳಿಯದೆ ಕೂತೇ ಇದ್ದ. ಆಮೇಲೆ ಹಿಂದಕ್ಕೆ ತಿರುಗಿ ಕೀ ಚಾಚಿದ. "ತಗೋ ಅಮ್ಮ. ನಿನ್ನ ಹತ್ರಾನೇ ಇರ್ಲಿ."

"ನಾನು ಸೋತಿವ್ನಿ ಕಣೋ."

"ನಾನೂ ಸೋತೆ. ಒಂದೇ ಒಂದು ಮಾತು ನಡಿಸಿಕೊಡು. ಇನ್ಮೇಲೆ ಅವರೆಕಾಯಿ ಕಂಡ್ರೆ ಇಂಡಿಕೇಟರ್ ಹಾಕು."

ಓನರಮ್ಮ ಕೀ ಇಸಿದುಕೊಂಡರು. ಗೊಂಚಲಿಗೆ ಸೇರಿಸಿಕೊಂಡರು. ಮಗನಿಗೆ ಮುಖ ಕಾ‌ಣಿಸಬಾರದೆಂದು ಬೇಗ ಬಾಗಿಲು ತೆಗೆದು ಕಾಲು ಕೆಳಗಿಟ್ಟವರು, ಹಾಗೇ ನಿಂತರು.

"ಟೀಚರಮ್ಮ, ನನ್ ಚಪ್ಲಿ ಎಲ್ಲಿ?"

ನಾನು ಸೀಟಿನ ಕೆಳಗೆಲ್ಲ ತಡಕಾಡಿದೆ. ಎಲ್ಲಿಂದ ಬರಬೇಕು? ಆ ದುಃಖದಲ್ಲಿ ಎತ್ತಿಡುವುದು ನನಗೂ ಮರೆತುಹೋಗಿತ್ತು. ಚಪ್ಪಲಿ ನಾಗಸಂದ್ರದಲ್ಲಿ, ಮಗಳ ಮನೆಯ ಗೇಟಿನ ಮುಂದೆ ಇದ್ದವು.

"ನಾಳೆ ಯಾರ ಹತ್ರಾನಾದ್ರೂ ತರಿಸ್ತೀನಿ ಬಿಡಮ್ಮ" ಅಂದ ಮಗ.

"ಯಾರೂ ಬ್ಯಾಡ. ಈಗ್ಲೇ ಓಗಿ ತತ್ತೀನಿ. ಇಳಿ ಕೆಳೀಕೆ" ಎಂದು ಓನರಮ್ಮ ಮಗನನ್ನು ಡ್ರೈವರ್ ಸೀಟಿನಿಂದ ಎಬ್ಬಿಸಿ, ಸ್ಟೇರಿಂಗು ಮುಟ್ಟಿ ಕಣ್ಣಿಗೊತ್ತಿಕೊಂಡು, ಒಂದು ಗೆರೆಯೂ ಇಲ್ಲದ ನಮ್ಮ ಬೀದಿಯಲ್ಲಿ ಇಂಡಿಕೇಟರ್ ಹಾಕಿಕೊಂಡು ಹೊರಟೇಬಿಟ್ಟರು.